ವೇಪ್ ಮಾರಾಟದ ವಿರುದ್ಧ ದೂರು ಅರ್ಜಿ ಬರೆಯುವುದು ಹೇಗೆ?

ವೇಪ್ ಎಂದರೆ ಬ್ಯಾಟರಿಯಿಂದ ಆವಿ ಎಬ್ಬಿಸಿ ಸೇದುವ ಎಲೆಕ್ಟ್ರಾನಿಕ್ ಸಿಗರೇಟು. ಅದರ ಮಾರಾಟದ ವಿರುದ್ಧ ಬೆಳಗಾವಿಯ ಪಾಲಕರು ಬರೆದ ನಾಲ್ಕಾರು ಅರ್ಜಿಗಳನ್ನು ತಿದ್ದಿಕೊಟ್ಟಿದ್ದೇನೆ. ಎಲ್ಲದರಲ್ಲೂ ತಪ್ಪು ಒಂದೇ. ‘ಕಾಲೇಜಿನ ಹತ್ತಿರ ಅಪ್ರಾಪ್ತರಿಗೆ ಸಿಗರೇಟು ಮಾರುತ್ತಿದ್ದಾರೆ’ ಎಂದು ಬರೆದಿರುತ್ತಾರೆ. ನಿಪ್ಪಾಣಿಯ ತಂಬಾಕಿನ ಜಿಲ್ಲೆಯವರಾದ ನಮಗೆ ಬೀಡಿ, ಜರ್ದಾಗಳ ಕಾಯ್ದೆಯೇ ಮೊದಲು ನೆನಪಾಗುವುದು ಸಹಜ. ಆದರೆ ಹಾಗೆ ಬರೆದರೆ ಅರ್ಜಿಯು 2003ರ ತಂಬಾಕು ಕಾಯ್ದೆಯ ಕಡತ ಸೇರುತ್ತದೆ; ಪಾನಪಟ್ಟಿ ಅಂಗಡಿಯವನು ದಂಡ ಕಟ್ಟಿ ಸಂಜೆಗೆ ಮತ್ತೆ ಅಂಗಡಿ ತೆರೆಯುತ್ತಾನೆ.

ಮೊದಲು ವಸ್ತುವನ್ನು ಗುರುತಿಸಿ. ಹೈಲೈಟರ್ ಪೆನ್ನಿನಂತೆ ಕಾಣುವ, ಬುಡದಲ್ಲಿ ಚಾರ್ಜಿಂಗ್ ತೂತಿರುವ, ಮಾವಿನಹಣ್ಣಿನದೋ ಪುದೀನದ್ದೋ ವಾಸನೆ ಬೀರುವ ಸಾಧನವದು. ‘ನಿಕೋಟಿನ್ ಇಲ್ಲ’ ಎಂಬ ಚೀಟಿಗೆ ಮರುಳಾಗಬೇಡಿ; ನಿಕೋಟಿನ್ ಇರಲಿ, ಬಿಡಲಿ, ವೇಪ್‌ಗೆಂದೇ ಇರುವ 2019ರ ನಿಷೇಧ ಕಾಯ್ದೆಯ ವ್ಯಾಖ್ಯೆಯೊಳಗೆ ಅದೂ ಬರುತ್ತದೆ.

ಸಾಕ್ಷ್ಯಕ್ಕೆಂದು ಅದನ್ನು ಕೊಳ್ಳಬೇಡಿ, ಮಕ್ಕಳನ್ನು ಕಳಿಸಿ ತರಿಸಲಂತೂ ಬೇಡಿ. ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕಂಡರೆ ಖಾತೆಯ ಹೆಸರು, ದಿನಾಂಕ, ವೇಳೆ ಕಾಣುವಂತೆ ಕೂಡಲೇ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಏಕೆಂದರೆ ಸ್ಟೋರಿ 24 ತಾಸಿನಲ್ಲಿ ಮಾಯವಾಗುತ್ತದೆ.

ಇನ್ನು ಬರವಣಿಗೆ, ಎಡವುವುದೆಲ್ಲ ಇಲ್ಲಿಯೇ. ವಿಷಯದ ಸಾಲಿನಲ್ಲಿಯೇ ‘ಎಲೆಕ್ಟ್ರಾನಿಕ್ ಸಿಗರೇಟು ನಿಷೇಧ ಕಾಯ್ದೆ, 2019ರ ಕಲಂ 4ರ ಉಲ್ಲಂಘನೆ’ ಎಂದು ಬರೆಯಿರಿ. ತಯಾರಿಕೆ, ಆಮದು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವನ್ನೂ ನಿಷೇಧಿಸುವ ಕಲಂ ಅದು. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 3 ವರ್ಷದವರೆಗೆ ಜೈಲು ಮತ್ತು 5 ಲಕ್ಷದವರೆಗೆ ದಂಡ. ಗಿರಾಕಿಯ ವಯಸ್ಸನ್ನು ಸಾಬೀತುಪಡಿಸುವ ಗೊಡವೆಯೇ ನಿಮಗೆ ಬೇಡ. ಕರ್ನಾಟಕದಲ್ಲಿ ಸಿಗರೇಟು ಕೊಳ್ಳಲು ಈಗ 21 ತುಂಬಿರಬೇಕು. ವೇಪನ್ನಾದರೋ ಅರವತ್ತು ದಾಟಿದ ಅಜ್ಜನಿಗೆ ಮಾರಿದರೂ ಅಪರಾಧವೇ. ಕೊಂಡವರು ವಿದ್ಯಾರ್ಥಿಗಳೆಂಬುದನ್ನು ಖಂಡಿತ ಬರೆಯಿರಿ, ಆದರೆ ದೂರನ್ನು ಅದರ ಮೇಲೆಯೇ ನಿಲ್ಲಿಸಬೇಡಿ. ದಾಸ್ತಾನು ಕಂಡಿದ್ದರೆ ಕಲಂ 5ನ್ನೂ ಸೇರಿಸಿ. ಅದಕ್ಕೆ ಆರು ತಿಂಗಳವರೆಗಿನ ಜೈಲು ಅಥವಾ 50,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಉಂಟು.

ಒಡಲಿನಲ್ಲಿ ‘ಮಾರುತ್ತಾರಂತೆ’ ಎಂಬ ‘ಅಂತೆ’ ಒಂದೂ ಇರಬಾರದು. ‘ಸಂಜೆ 4.40ಕ್ಕೆ, ಗಲ್ಲಾಪೆಟ್ಟಿಗೆಯ ಕೆಳಗಿನ ಬಿಸ್ಕತ್ತಿನ ಡಬ್ಬದಿಂದ ತೆಗೆದು ಸಮವಸ್ತ್ರದಲ್ಲಿದ್ದ ಹುಡುಗನಿಗೆ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ’ ಎಂಬ ಒಂದು ವಾಕ್ಯವು, ಯುವಜನರ ಭವಿಷ್ಯದ ಕುರಿತಾದ ಎರಡು ಪುಟಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಶೋಧಕ್ಕೆ ಬರುವವರು ಎಲ್ಲಿ ಕೈ ಹಾಕಬೇಕೆಂದು ಅದು ತಿಳಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಿದ್ಧ ನಮೂನೆಗಳನ್ನು ಮುಟ್ಟಬೇಡಿ. ನಾನು ನೋಡಿದ ಒಂದರಲ್ಲಿ ಬೇರೆ ಊರಿನ ಠಾಣೆಯ ಹೆಸರೇ ಉಳಿದುಬಿಟ್ಟಿತ್ತು. ನನ್ನ ಮಾತು ಕೇಳುವುದಾದರೆ ಒಂದೇ ಹಾಳೆಯಲ್ಲಿ ಕೈಯಿಂದಲೇ ಬರೆಯಿರಿ.

ಎರಡು ಪ್ರತಿ ಒಯ್ದು, ಒಂದನ್ನು ಠಾಣೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಈ ಕಾಯ್ದೆಯಡಿ ಶೋಧಿಸುವ, ಜಪ್ತಿ ಮಾಡುವ ಅಧಿಕಾರವಿರುವುದು ಪಿಎಸ್‌ಐ ಮತ್ತು ಅದಕ್ಕೂ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿಗಳಿಗೆ. ಆದ್ದರಿಂದ ಅರ್ಜಿಯನ್ನು ಅವರ ಕೈಗೇ ಕೊಡಿ. ದೂರು ದಾಖಲಿಸಿಕೊಳ್ಳಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಬೆಳಗಾವಿ ನಗರದವರಾದರೆ ಪೊಲೀಸ್ ಆಯುಕ್ತರಿಗೆ ಕಳಿಸಿ, ಅಂಚೆಯ ರಸೀದಿಯನ್ನು ಮೊಹರಿನ ಪ್ರತಿಗೆ ಪಿನ್ ಮಾಡಿಟ್ಟುಕೊಳ್ಳಿ.