ರೇಡಿಯೋ ವಿಮಾನ: ಹಾರಿಸುವ ಮುನ್ನ ನೆಲದ ಮೇಲಿನ ತಪಾಸಣೆ

ಭತ್ತದ ಕೊಯ್ಲು ಮುಗಿದ ಮೇಲೆ ಮಂಡ್ಯದ ಸುತ್ತಲಿನ ಗದ್ದೆ ಬಯಲಿನಲ್ಲಿ ರೇಡಿಯೋ ನಿಯಂತ್ರಿತ ಪುಟ್ಟ ವಿಮಾನಗಳನ್ನು ಹಾರಿಸುವ ಹುಡುಗರನ್ನು ನಾನು ಪ್ರತಿ ವರ್ಷವೂ ಕಾಣುತ್ತೇನೆ. ಕೈಬಿಟ್ಟ ಎರಡು ಮೂರು ಸೆಕೆಂಡಿನಲ್ಲೇ ವಿಮಾನ ಮಗುಚಿಕೊಂಡು ಪಕ್ಕದ ಕಬ್ಬಿನ ಗದ್ದೆಗೆ ಬಿದ್ದಾಗ ಎಲ್ಲರೂ ಗಾಳಿಯನ್ನು ದೂರುತ್ತಾರೆ. ಎತ್ತಿ ತಂದು ನೋಡಿದರೆ ಬಹುಪಾಲು ಸಲ ಏಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯ ಹಿಂದಂಚಿನ ಚಲಿಸುವ ಪಟ್ಟಿ) ತಿರುಗುಮುರುಗಾಗಿ ಚಲಿಸುತ್ತಿರುತ್ತದೆ, ಇಲ್ಲವೇ ಬಾಲ ಭಾರವಾಗಿರುತ್ತದೆ. ಎರಡೂ ನೆಲದ ಮೇಲೆಯೇ ಸಿಕ್ಕಿಬೀಳುವ ದೋಷಗಳು. ಸುಮಾರು ಒಂದು ಮೀಟರ್ ರೆಕ್ಕೆಯಗಲದ, ಮೂರು ಸೆಲ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಫೋಮ್ ವಿಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ. ಬಯಲಿಗೆ ಹೋಗುವ ತನಕ ಅದು ಡಬ್ಬಿಯಲ್ಲೇ ಇರಲಿ. ರೆಕ್ಕೆ, ಬಾಲ, ಚಕ್ರಗಳನ್ನು ಕೈಪಿಡಿಯಲ್ಲಿರುವಂತೆ ಜೋಡಿಸಿ. ಥರ್ಮೋಕೋಲ್ ಭಾಗಗಳಿಗೆ ಕ್ಷಣದಲ್ಲಿ ಅಂಟುವ ಸಾಮಾನ್ಯ ಗೋಂದನ್ನು ಮಾತ್ರ ಹಚ್ಚಬೇಡಿ, ಅದು ಥರ್ಮೋಕೋಲನ್ನೇ ತಿಂದು ಗುಳಿ ಮಾಡುತ್ತದೆ.

ಎರಡನೆಯದು ವಿದ್ಯುತ್ ಕೊಡುವ ಕ್ರಮ. ಮೋಟರಿನ ವೇಗ ನಿಯಂತ್ರಿಸುವ ಥ್ರಾಟಲ್ ಕಡ್ಡಿಯನ್ನು ಪೂರ್ತಿ ಕೆಳಗಿಳಿಸಿ, ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರನ್ನು ಮೊದಲು ಹಚ್ಚಬೇಕು, ಬಳಿಕ ವಿಮಾನದ ಬ್ಯಾಟರಿ. ಆರಿಸುವಾಗ ಇದಕ್ಕೆ ವಿರುದ್ಧ ಕ್ರಮ.

ಮೂರನೆಯದಾಗಿ, ನಡುಸ್ಥಾನವನ್ನು ತುಸು ತುಸು ಸರಿಸುವ ಗುಂಡಿಗಳಾದ ಎಲ್ಲ ಟ್ರಿಮ್‌ಗಳನ್ನೂ ಸೊನ್ನೆಗೆ ತಂದು, ಸರ್ವೋ (ರೆಕ್ಕೆ ಬಾಲಗಳ ಚಲಿಸುವ ಪಟ್ಟಿಗಳನ್ನು ತಂತಿಯಿಂದ ಎಳೆದು ತಳ್ಳುವ ಪುಟ್ಟ ಮೋಟರ್) ತೋಳನ್ನು ತಂತಿಗೆ ಲಂಬವಾಗಿ ನಿಲ್ಲುವಂತೆ ಕೂರಿಸಿ, ಆಮೇಲೆ ತಂತಿಯ ಉದ್ದವನ್ನು ತಿರುಪಿ ಏಲೆರಾನ್, ಬಾಲದ ಅಡ್ಡ ಪಟ್ಟಿಯಾದ ಎಲಿವೇಟರ್, ನಿಂತ ಪಟ್ಟಿಯಾದ ರಡ್ಡರ್‌ಗಳನ್ನು ನೇರ ಮಾಡಿಕೊಳ್ಳಿ. ತೋಳು ಓರೆಯಾಗಿದ್ದರೂ ಟ್ರಿಮ್ ಒತ್ತಿ ಸರಿಪಡಿಸುವುದು ಅಡ್ಡದಾರಿ. ಆಗ ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ಚಲನೆ ಸಿಗುತ್ತದೆ.

ಹೆಚ್ಚು ಜನ ಎಡವುವುದು ನಾಲ್ಕನೆಯ ಹಂತದಲ್ಲಿ. ಕಡ್ಡಿ ಅಲ್ಲಾಡಿಸಿ, ರೆಕ್ಕೆಯ ಅಂಚು ಅಲ್ಲಾಡಿದ್ದನ್ನು ಕಂಡು ತೃಪ್ತರಾಗುತ್ತಾರೆ, ಅದು ಯಾವ ಕಡೆಗೆ ಹೋಯಿತೆಂದು ನೋಡುವುದಿಲ್ಲ. ವಿಮಾನದ ಬಾಲ ನಿಮ್ಮ ಕಡೆಗಿರುವಂತೆ ಇಟ್ಟು, ಹಿಂದೆ ನಿಂತುಕೊಳ್ಳಿ. ಎದುರಿನಿಂದ ನೋಡಿದರೆ ಎಡಬಲ ಅದಲುಬದಲಾಗಿ ಖಂಡಿತ ತಪ್ಪುತ್ತೀರಿ. ಏಲೆರಾನ್ ಕಡ್ಡಿಯನ್ನು ಬಲಕ್ಕೆ ತಳ್ಳಿದಾಗ ಬಲ ರೆಕ್ಕೆಯ ಏಲೆರಾನ್ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಮೇಲೆದ್ದ ಕಡೆ ರೆಕ್ಕೆಯನ್ನು ಎತ್ತುವ ಬಲ ಕುಗ್ಗುತ್ತದೆ, ಇಳಿದ ಕಡೆ ಹೆಚ್ಚುತ್ತದೆ, ಹಾಗಾಗಿ ವಿಮಾನ ಬಲಕ್ಕೆ ವಾಲುತ್ತದೆ. ಎಲಿವೇಟರ್ ಕಡ್ಡಿಯನ್ನು ನಿಮ್ಮ ಕಡೆಗೆ ಎಳೆದಾಗ ಎಲಿವೇಟರಿನ ಹಿಂದಂಚು ಮೇಲೇಳಬೇಕು. ಗಾಳಿ ಬಾಲವನ್ನು ಕೆಳಗೊತ್ತುತ್ತದೆ, ಮೂಗು ಮೇಲಾಗುತ್ತದೆ. ರಡ್ಡರ್ ಕಡ್ಡಿ ಬಲಕ್ಕೆ ಹೋದರೆ ರಡ್ಡರಿನ ಹಿಂದಂಚೂ ಬಲಕ್ಕೇ ಹೋಗಬೇಕು. ತಿರುಗುಮುರುಗಾಗಿದ್ದರೆ ಟ್ರಾನ್ಸ್‌ಮಿಟರಿನ ರಿವರ್ಸ್ ಸ್ವಿಚ್ಚಿನಲ್ಲಿ ಬದಲಿಸಿ, ಮೂರನ್ನೂ ಮೊದಲಿನಿಂದ ನೋಡಿ. ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತಾ ಪರೀಕ್ಷಿಸಬೇಕೆಂಬುದು ನನ್ನ ಕಟ್ಟುನಿಟ್ಟಿನ ಸಲಹೆ: "ಬಲ, ಬಲಗಡೆಯದು ಮೇಲೆ." ಸರ್ವೋ ಬದಲಿಸಿದಾಗ, ವಿಮಾನದೊಳಗೆ ಸಂಕೇತ ಹಿಡಿಯುವ ರಿಸೀವರಿನ ವೈರು ಕಿತ್ತು ಸೇರಿಸಿದಾಗ, ಟ್ರಾನ್ಸ್‌ಮಿಟರಿನಲ್ಲಿ ಬೇರೊಂದು ವಿಮಾನದ ಮೆಮೊರಿ ಆಯ್ಕೆಯಾಗಿ ಉಳಿದಾಗ ದಿಕ್ಕು ಕೆಡುತ್ತದೆ. ಆದ್ದರಿಂದ ನಿನ್ನೆ ಸರಿಯಿತ್ತೆಂದು ಇಂದು ಬಿಡುವಂತಿಲ್ಲ. ಸರ್ವೋ ಗುರ್ರೆನ್ನುತ್ತಿದ್ದರೆ ಅಥವಾ ನಡುವಿಗೆ ಮರಳಲು ತಡವರಿಸಿದರೆ ಬದಲಿಸಿ. ಹೆಸರಿಲ್ಲದ ಅಗ್ಗದ ಸರ್ವೋಗಳ ನೈಲಾನ್ ಹಲ್ಲುಗಳು ಒಂದು ಬಿರುಸಾದ ಇಳಿತಕ್ಕೇ ಸವೆಯುವುದನ್ನು ನೋಡಿದ್ದೇನೆ.

ಐದನೆಯದು ತೂಕದ ಸಮತೋಲನ, ಬ್ಯಾಟರಿ ಒಳಗಿಟ್ಟೇ ನೋಡಬೇಕು. ಕೈಪಿಡಿಯಲ್ಲಿ ಅಳತೆ ಇಲ್ಲದಿದ್ದರೆ, ನೇರ ರೆಕ್ಕೆಗೆ ಮುಂದಂಚಿನಿಂದ ಹಿಂದಂಚಿನವರೆಗಿನ ರೆಕ್ಕೆಯ ಅಳತೆಯ ಶೇ 25ರಿಂದ 30ರಷ್ಟು, ಮುಂದಂಚಿನಿಂದ ಹಿಂದೆ ಗುರುತು ಹಾಕಿ. ಆ ಅಳತೆ 20 ಸೆಂ.ಮೀ. ಇದ್ದರೆ ಗುರುತು 5ರಿಂದ 6 ಸೆಂ.ಮೀ.ಗೆ ಬೀಳುತ್ತದೆ. ಎರಡೂ ರೆಕ್ಕೆಯಡಿ ಆ ಗುರುತಿಗೆ ಬೆರಳ ತುದಿ ಕೊಟ್ಟು ಎತ್ತಿದಾಗ ವಿಮಾನ ಮಟ್ಟವಾಗಿ, ಇಲ್ಲವೇ ಮೂಗು ತುಸು ಕೆಳಗಾಗಿ ನಿಲ್ಲಬೇಕು. ಬಾಲ ಇಳಿದರೆ ಮೊದಲು ಬ್ಯಾಟರಿಯನ್ನು ಮುಂದೆ ಸರಿಸಿ. ಆಗದಿದ್ದರೆ ಮಾತ್ರ ಮೂಗಿಗೆ ತೂಕ ಸೇರಿಸಿ.

ಪೂರ್ತಿ ಚಾರ್ಜಾದ ಮೂರು ಸೆಲ್ ಬ್ಯಾಟರಿ 12.6 ವೋಲ್ಟ್ ತೋರಬೇಕು, ಸೆಲ್‌ಗೆ 4.2. ಉಬ್ಬಿದ್ದನ್ನು ಬಳಸಲೇಬೇಡಿ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬ್ಯಾಟರಿ ಬಿಡುವ ಅಭ್ಯಾಸವೂ ಅಪಾಯ. ಪ್ರೊಪೆಲ್ಲರ್ ಇನ್ನೂ ಹಾಕದಿರುವಾಗಲೇ ಮೋಟರನ್ನು ನಿಧಾನವಾಗಿ ಓಡಿಸಿ ಟ್ರಾನ್ಸ್‌ಮಿಟರ್ ಆರಿಸಿ. ಮೋಟರ್ ತಾನೇ ನಿಲ್ಲದಿದ್ದರೆ, ಸಂಕೇತ ತಪ್ಪಿದಾಗ ಮೋಟರ್ ನಿಲ್ಲಿಸುವ ಫೇಲ್‌ಸೇಫ್ ಹೊಂದಿಸಿಲ್ಲವೆಂದು ಅರ್ಥ, ಹಾರಿಸಬೇಡಿ.

ಇನ್ನು ಜಾಗ. ಮೈಸೂರಿನವರು ಮಂಡಕಳ್ಳಿ ವಿಮಾನ ನಿಲ್ದಾಣದಿಂದ 8 ಕಿ.ಮೀ. ಒಳಗೆ ಹಾರಿಸುವ ಯೋಚನೆಯನ್ನೇ ಬಿಡಬೇಕು. 2021ರ ಡ್ರೋನ್ ನಿಯಮಗಳಂತೆ 8ರಿಂದ 12 ಕಿ.ಮೀ. ನಡುವೆಯೂ 200 ಅಡಿಗಿಂತ ಮೇಲೇರಲು ಅನುಮತಿ ಬೇಕು. ಹೊರಡುವ ಮುನ್ನ ಡ್ರೋನ್ ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಳ್ಳಿ. ಗಾಳಿಪಟಕ್ಕೆ ಒದಗುವ ಆಷಾಢದ ಗಾಳಿ ಕಲಿಯುವವರ ವಿಮಾನಕ್ಕೆ ಒದಗುವುದಿಲ್ಲ. ಬೆಳಗ್ಗೆ ಗಾಳಿ ಏಳುವ ಮೊದಲೇ ಹೋಗಿ.

ಬಯಲಿನಲ್ಲಿ ಪ್ರೊಪೆಲ್ಲರನ್ನು ಅಕ್ಷರವಿರುವ ಮುಖ ಮುಂದಕ್ಕೆ ಬರುವಂತೆ ಬಿಗಿಯಿರಿ. ಟ್ರಾನ್ಸ್‌ಮಿಟರನ್ನು ರೇಂಜ್ ಪರೀಕ್ಷೆಯ (ಸಂಕೇತದ ಬಲ ತಗ್ಗಿಸುವ) ಸ್ಥಿತಿಗಿಟ್ಟು ಸುಮಾರು 30 ಹೆಜ್ಜೆ ದೂರ ನಡೆಯಿರಿ. ಗೆಳೆಯರೊಬ್ಬರು ವಿಮಾನ ಹಿಡಿದು ಸರ್ವೋಗಳನ್ನು ಗಮನಿಸಲಿ. ಹಿಂದಿರುಗಿ ಮಾಮೂಲು ಸ್ಥಿತಿಗೆ ತಂದು, ಗಾಳಿಗೆ ಎದುರಾಗಿ ನಿಂತು, ಏಲೆರಾನ್ ದಿಕ್ಕನ್ನು ಇನ್ನೊಮ್ಮೆ ನೋಡಿ ವಿಮಾನ ಬಿಡಿ. ಇಳಿದ ಮೇಲೆ ಮೊದಲು ಬ್ಯಾಟರಿ ಕಳಚಿ, ಆಮೇಲೆ ಟ್ರಾನ್ಸ್‌ಮಿಟರ್ ಆರಿಸಿ.