ಅವತ್ತು ರಾತ್ರಿ 6 ಯೂನಿಟ್ ನಂಗೆ 60 ಆಗಿ ಕಂಡಿತ್ತು: ವಾರ್ಡಿಗೆ ಬಾರ್‌ಕೋಡ್ ತಂದ ನನ್ನ ಅನುಭವ

ನಾನು ವಾರ್ಡ್ ನರ್ಸ್, ಈಗ ಇನ್‌ಚಾರ್ಜ್. ಪೇಪರ್ ಚಾರ್ಟ್ ಇದ್ದ ಕಾಲದ ಒಂದು ನೈಟ್ ಡ್ಯೂಟಿ ಇನ್ನೂ ಕಣ್ಮುಂದೆ ಇದೆ. ಚಾರ್ಟಲ್ಲಿ ಇನ್ಸುಲಿನ್ ಅಂತ ಬರೆದು ಮುಂದೆ 6, ಅದಕ್ಕಂಟಿಕೊಂಡೇ ಯೂನಿಟ್ ಅನ್ನೋದಕ್ಕೆ ಇಂಗ್ಲಿಷಿನ ಯು ಅಕ್ಷರ, ಅವಸರದ ಕೈಬರಹದಲ್ಲಿ ಆ ಯು ಸೊನ್ನೆ ಥರ ಮುಚ್ಚಿಕೊಂಡಿತ್ತು, ನಾನು 60 ಅಂತ ಓದಿದೆ. ನಮ್ಮಲ್ಲಿ ವಯಲ್ (ಪುಟ್ಟ ಬಾಟಲಿ) ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್, ಅದರ ಕೆಂಪು ಕ್ಯಾಪ್ ಸಿರಿಂಜಲ್ಲಿ ಹಿಡಿಸೋದೂ 40 ಯೂನಿಟ್ಟೇ. ಒಂದು ಸಿರಿಂಜ್ ಸಾಲದೆ ಎರಡನೇದು ಒಡೀಬೇಕು ಅನ್ನುವಾಗ ಕೈ ನಿಂತುಬಿಡ್ತು. ಫೋನ್ ಮಾಡಿ ಡಾಕ್ಟರನ್ನ ಎಬ್ಬಿಸಿ ಕೇಳಿದೆ. ಆರು ಅಂದ್ರು. ಪೇಶೆಂಟ್‌ಗೆ ಏನೂ ಆಗ್ಲಿಲ್ಲ, ಆದ್ರೆ ಬೆಳಗ್ಗೆವರೆಗೂ ನಂಗೆ ಕೂರಕ್ಕಾಗ್ಲಿಲ್ಲ.

ಹಾಗಾಗಿ ಆಸ್ಪತ್ರೆಯಲ್ಲಿ ಔಷಧಿ ಆರ್ಡರ್ ಎಲ್ಲಾ ಕಂಪ್ಯೂಟರಿಗೆ ಹಾಕ್ತೀವಿ ಅಂದಾಗ ನಾನೇ ಮುಂದೆ ಬಂದೆ. ಮೊದಲು ಕೇಳಿದ್ದೇ ಯೂನಿಟ್ ಅನ್ನೋದು ಪೂರ್ತಿ ಪದವಾಗೇ ಬರ್ಬೇಕು ಅಂತ. ಎರಡನೇದು, ಎಂಎಲ್‌ಗೆ 40 ಯೂನಿಟ್ಟಿನ ವಯಲ್ಲೂ ಎಂಎಲ್‌ಗೆ 100 ಯೂನಿಟ್ಟಿನ, ಇನ್ಸುಲಿನ್ ಪೆನ್ನಿಗೆ ಹಾಕೋ ಕಾರ್ಟ್ರಿಜ್ಜೂ ಬೇರೆ ಬೇರೆ ಐಟಂ ಆಗ್ಬೇಕು, ಯಾಕಂದ್ರೆ 100ರದ್ದನ್ನ ಯಾರಾದ್ರೂ 40ರ ಸಿರಿಂಜಿಗೆ ಎಳೆದ್ರೆ ಅದೇ ಗೆರೆಗೆ ಎರಡೂವರೆ ಪಟ್ಟು ಹೋಗತ್ತೆ.

ಕೈಬರಹದ ತಪ್ಪು ಹೋಯ್ತು ನಿಜ, ಹೊಸ ತಪ್ಪು ಬಂತು. ಮೊದಲೆರಡು ಅಕ್ಷರ ಟೈಪ್ ಮಾಡಿದ್ರೆ ಡೋಪಮಿನ್ ಮತ್ತು ಡೋಬುಟಮಿನ್ (ಎರಡೂ ಹೃದಯಕ್ಕೆ, ಬಿಪಿಗೆ ಕೊಡೋ ಬೇರೆ ಬೇರೆ ಔಷಧಿ) ಮೇಲೆ ಕೆಳಗೆ ಬರ್ತಿತ್ತು, ಒಂದು ಸಲ ಕ್ಲಿಕ್ ಜಾರಿದ್ರೆ ಮುಗೀತು. ಕನಿಷ್ಠ ಐದು ಅಕ್ಷರ ಟೈಪ್ ಮಾಡಿದ ಮೇಲೇನೇ ಲಿಸ್ಟ್ ಬರೋ ಹಾಗೆ ಮಾಡಿಸಿದ್ವಿ, ಡಾಕ್ಟರುಗಳಿಗೆ ಸ್ವಲ್ಪ ಬೇಜಾರಾಯ್ತು, ಆಮೇಲೆ ರೂಢಿ ಆಯ್ತು.

ನಿಜವಾದ ಕಷ್ಟ ಇದ್ದಿದ್ದು ಬೆಡ್ ಪಕ್ಕದಲ್ಲಿ. ರೋಗಿ ಕೈಪಟ್ಟಿ ಸ್ಕ್ಯಾನ್ ಮಾಡು, ಔಷಧಿ ಸ್ಕ್ಯಾನ್ ಮಾಡು, ಎರಡೂ ಆರ್ಡರಿಗೆ ಹೊಂದಿದ್ರೆ ಕೊಡು, ಇಷ್ಟೇ ವಿಧಾನ. (ಈ ಐಡಿಯಾ ಮೊದಲು ಹೊಳೆದದ್ದು ಅಮೆರಿಕಾದ ಟೊಪೀಕಾದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ನರ್ಸ್ ಸೂ ಕಿನ್ನಿಕ್ ಅವರಿಗೆ, ಬಾಡಿಗೆ ಕಾರು ವಾಪಸ್ ಕೊಡೋ ಕಡೆ ಸ್ಕ್ಯಾನ್ ಮಾಡೋದು ನೋಡಿ. ಒಬ್ಬ ನರ್ಸ್ ತಲೆಗೆ ಬಂದ ವಿಷಯ ಅನ್ನೋದು ನಂಗೆ ತುಂಬಾ ಹೆಮ್ಮೆ.) ಆದ್ರೆ ನಮ್ಮಲ್ಲಿ ಮಾತ್ರೆ ಬರೋದು ಹತ್ತು ಹದಿನೈದರ ಸ್ಟ್ರಿಪ್ಪಲ್ಲಿ. ಮೂರು ಕತ್ತರಿಸಿ ಕೊಟ್ರೆ ಆ ತುಂಡಲ್ಲಿ ಹೆಸರು ಅರ್ಧ ಇರತ್ತೆ, ಎಕ್ಸ್‌ಪೈರಿ ಇನ್ನೊಂದು ತುಂಡಲ್ಲಿ ಉಳಿಯತ್ತೆ. 2023ರ ಆಗಸ್ಟಿಂದ ಮುನ್ನೂರು ಬ್ರ್ಯಾಂಡುಗಳಿಗೆ ಕ್ಯೂಆರ್ ಕೋಡ್ ಕಡ್ಡಾಯ ಆಗಿದೆ, ಒಳ್ಳೇದೇ, ಆದ್ರೆ ಅದು ಪ್ಯಾಕಿಗೆ ಒಂದು, ಒಂದೊಂದು ಮಾತ್ರೆಗಲ್ಲ. ಹಾಗಾಗಿ ಫಾರ್ಮಸಿಯವರು ಒಂದೊಂದೇ ಮಾತ್ರೆ ಇರೋ ತುಂಡು ಕತ್ತರಿಸಿ ಪುಟ್ಟ ಕವರಿಗೆ ಹಾಕಿ, ಹೆಸರು, ಮಿಲಿಗ್ರಾಮ್, ಬ್ಯಾಚ್, ಎಕ್ಸ್‌ಪೈರಿ, ಬಾರ್‌ಕೋಡ್ ಇರೋ ಲೇಬಲ್ ಅಂಟಿಸೋಕೆ ಶುರು ಮಾಡಿದ್ರು. ಲೇಬಲ್ಲೇ ತಪ್ಪಾದ್ರೆ ಸ್ಕ್ಯಾನರ್ ತಪ್ಪನ್ನೇ ಸರಿ ಅನ್ನತ್ತೆ, ಅದಕ್ಕೆ ಒಬ್ಬರು ಅಂಟಿಸಿದ್ದನ್ನ ಇನ್ನೊಬ್ಬರು ನೋಡ್ಲೇಬೇಕು. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಬೆವರು ಹರಿದದ್ದು ಈ ಸಣ್ಣ ಕವರಿಗೇ.

ಕೆಲವು ವಾರ ಆದ್ಮೇಲೆ ನರ್ಸಿಂಗ್ ಸ್ಟೇಷನ್ ಡ್ರಾಯರಲ್ಲಿ ರೋಗಿಗಳ ಕೈಪಟ್ಟಿ ಸ್ಟಿಕ್ಕರುಗಳ ಸಾಲು ಸಿಕ್ತು. ನರ್ಸುಗಳು ಅಲ್ಲೇ ಕೂತು ಎಲ್ಲರದ್ದೂ ಸ್ಕ್ಯಾನ್ ಮಾಡಿ ಆಮೇಲೆ ಟ್ರೇ ಹಿಡ್ಕೊಂಡು ಹೋಗ್ತಿದ್ರು. ಸ್ಕ್ರೀನಲ್ಲಿ ಎಲ್ಲಾ ಹಸಿರು, ಬೆಡ್ ಹತ್ರ ಯಾರೂ ಚೆಕ್ ಮಾಡ್ತಿಲ್ಲ! ನಂಗೆ ಸಿಟ್ಟು ಬಂತು, ಆದ್ರೆ ಅವರ ಜೊತೆ ಒಂದು ರೌಂಡ್ ಹೋದಾಗ ಗೊತ್ತಾಯ್ತು, ಮೂಲೆ ಬೆಡ್ಡುಗಳಿಗೆ ವೈಫೈ ಸಿಗಲ್ಲ, ಕಂಪ್ಯೂಟರ್ ಟ್ರಾಲಿ ಬ್ಯಾಟರಿ ಒಂದು ಗಂಟೆ ಬರಲ್ಲ, ನೀರು ಬಿದ್ದ ಕೈಪಟ್ಟಿ ಓದಲ್ಲ. ಯಾರನ್ನೂ ಬೈಲಿಲ್ಲ. ವೈಫೈ ಸರಿ ಮಾಡಿಸಿ, ಬ್ಯಾಟರಿ ಬದಲಾಯಿಸಿ, ನೀರಿಗೆ ಅಳಿಸದ ಕೈಪಟ್ಟಿ ತರಿಸಿದ ಮೇಲೆ ಸ್ಟಿಕ್ಕರುಗಳನ್ನ ಹುಡುಗಿಯರೇ ತಂದು ಕೊಟ್ರು.

ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್ ಆಂಪ್ಯೂಲನ್ನ (ಸಣ್ಣ ಸೀಸೆ) ಮಾತ್ರ ಯಾವ ಸಾಫ್ಟ್‌ವೇರಿಗೂ ನಂಬಿ ಬಿಡ್ಲಿಲ್ಲ. ನೇರವಾಗಿ ರಕ್ತನಾಳಕ್ಕೆ ಒಮ್ಮೆಲೇ ಹೋದ್ರೆ ಹೃದಯ ನಿಲ್ಲತ್ತೆ, ನೋಡೋಕೆ ಡಿಸ್ಟಿಲ್ಡ್ ವಾಟರ್ ಥರಾನೇ ಇರತ್ತೆ. ಜನರಲ್ ವಾರ್ಡ್ ಕಪಾಟಿಂದಲೇ ತೆಗೆಸಿಬಿಟ್ವಿ.

ಸರ್ವರ್ ಕೈಕೊಟ್ರೆ ಅಂತ ದಿನಾ ಬೆಳಗ್ಗೆ ರಾತ್ರಿ ಎರಡು ಸಲ ಎಲ್ಲರ ಚಾರ್ಟ್ ಪ್ರಿಂಟ್ ತೆಗೆದಿಡ್ತೀವಿ. ಇನ್ನೂ ಕಾಡ್ತಿರೋದು ಅರ್ಧ ಮಾತ್ರೆ. ಆರ್ಡರ್ ಅರ್ಧ ಇದ್ರೂ ಇಡೀ ಮಾತ್ರೆ ಕವರ್ ಸ್ಕ್ಯಾನ್ ಮಾಡಿದ್ರೆ ಅದು ಸರಿ ಅಂತಾನೇ ತೋರ್ಸತ್ತೆ. ಸದ್ಯಕ್ಕೆ ಫಾರ್ಮಸಿಯಲ್ಲೇ ಅರ್ಧ ಮಾಡಿ ಬೇರೆ ಬಣ್ಣದ ಲೇಬಲ್ ಹಾಕಿ ಕಳಿಸ್ತಿದ್ದಾರೆ, ಸಂಜೆ ಹೊತ್ತು ಅಲ್ಲಿ ಒಬ್ಬರೇ ಇರ್ತಾರೆ, ಇನ್ನೊಬ್ಬರನ್ನ ಕೊಡಿ ಅಂತ ಕೇಳಿದೀನಿ.