ರೀಮಾಸ್ಟರ್ ಡಿಸ್ಕ್ ಹೊಗಳೋ ಮುಂಚೆ ವಾಲ್ಯೂಮ್ ಸಮ ಮಾಡಿ

ಹಳೇ ಸಿಡಿ ಮತ್ತು ಹೊಸ ಬ್ಲೂ-ರೇ ರೀಮಾಸ್ಟರ್ (ಹಳೇ ರೆಕಾರ್ಡಿಂಗನ್ನೇ ಮತ್ತೆ ಹದ ಮಾಡಿ ತಂದ ಆವೃತ್ತಿ) ಎರಡರಿಂದಲೂ ಒಂದೇ ಹಾಡಿನ ಅದೇ 30 ಸೆಕೆಂಡ್ ತೆಗೆದು ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಎರಡು ಟ್ರ್ಯಾಕ್ ಹಾಕಿ. ಒಂದೊಂದಕ್ಕೂ ‘ಲೌಡ್‌ನೆಸ್ ನಾರ್ಮಲೈಸೇಶನ್’ನಲ್ಲಿ -23 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನೋದರ ಅಳತೆ) ಕೊಟ್ಟು, ಸೋಲೋ ಬಟನ್ ಒತ್ತಿ ಅದಲು ಬದಲು ಮಾಡಿ ಕೇಳಿ. ಒಂದು ಡೆಸಿಬೆಲ್ ಜೋರಿದ್ದರೂ ಸಾಕು, ಕಿವಿ ಅದನ್ನೇ ‘ಎಷ್ಟು ಕ್ಲಿಯರ್!’ ಅನ್ನುತ್ತೆ, ಎಷ್ಟೋ ರೀಮಾಸ್ಟರ್‌ಗಳ ಮೋಡಿ ಅಷ್ಟೇ. ಆಮೇಲೆ ತಬಲಾ ಪೆಟ್ಟು ಬೀಳೋ ಜಾಗದಲ್ಲಿ ಝೂಮ್ ಮಾಡಿ. ಹಳೇದರಲ್ಲಿ ಮುಳ್ಳಿನ ಹಾಗೆ ಎದ್ದಿರೋ ಗೆರೆ ಹೊಸದರಲ್ಲಿ ತಲೆ ಸವರಿದ ಹಾಗಿದ್ದರೆ ಲಿಮಿಟರ್ (ಜೋರಾದ ಸದ್ದಿನ ತುದಿಗಳನ್ನ ತಗ್ಗಿಸೋ ಸಾಧನ) ಹಾಕಿ ಒತ್ತಿದ್ದಾರೆ ಅಂತ ಅರ್ಥ. ಕವರ್ ಮೇಲೆ 24 ಬಿಟ್, 192 ಕಿಲೋಹರ್ಟ್ಸ್ ಅಂತಿದ್ದರೂ ಹೋದದ್ದು ವಾಪಸ್ ಬರಲ್ಲ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದಿದೆ ಅಂತ ತೋರಿಸೋ ಚಿತ್ರ, ಸ್ಪೆಕ್ಟ್ರೋಗ್ರಾಮ್ ಕೂಡ ನೋಡಿ (ಮ್ಯಾಕ್ಸ್ ಫ್ರೀಕ್ವೆನ್ಸಿ 48000ಕ್ಕೆ ಏರಿಸದಿದ್ದರೆ ಮೇಲಿನ ಭಾಗ ಕಾಣೋದೇ ಇಲ್ಲ): ಸಿಡಿಯ ಮಿತಿಯಾದ 22 ಕಿಲೋಹರ್ಟ್ಸ್ ಹತ್ತಿರ ಚಾಕುವಿನಲ್ಲಿ ಕೊಯ್ದ ಹಾಗೆ ನಿಂತರೆ ಸಿಡಿ ಮಾಸ್ಟರನ್ನೇ (ಡಿಸ್ಕಿಗೆ ಅಂತ ಸಿದ್ಧ ಮಾಡಿದ ಅಂತಿಮ ಧ್ವನಿ) ಹಿಗ್ಗಿಸಿರೋ ಸಾಧ್ಯತೆ ಜಾಸ್ತಿ.

ಎಸ್‌ಎಸಿಡಿಗೆ (ಸೂಪರ್ ಆಡಿಯೋ ಸಿಡಿ) ಈ ಉಪಾಯ ನೇರವಾಗಿ ನಡೆಯಲ್ಲ. ಸಾಮಾನ್ಯ ಕಂಪ್ಯೂಟರ್ ಡ್ರೈವ್ ಹೈಬ್ರಿಡ್ (ಸಿಡಿ, ಎಸ್‌ಎಸಿಡಿ ಎರಡೂ ಪದರ ಇರೋ) ಡಿಸ್ಕಿನ ಸಿಡಿ ಪದರವನ್ನಷ್ಟೇ ಓದುತ್ತೆ, ಅದರ ಮಾಸ್ಟರ್ ಬೇರೆಯೇ ಇರಬಹುದು. ಪ್ಲೇಯರಿನ ಅನಲಾಗ್ ಔಟ್‌ನಿಂದ ರೆಕಾರ್ಡ್ ಮಾಡಿಕೊಂಡು ಹೋಲಿಸಿ. 20 ಕಿಲೋಹರ್ಟ್ಸ್ ದಾಟಿದ ಮೇಲೆ ಮೋಡದ ಹಾಗೆ ಕಾಣೋದು ಸಂಗೀತವಲ್ಲ, ಎಸ್‌ಎಸಿಡಿ ಬಳಸೋ ಡಿಎಸ್‌ಡಿ ಫಾರ್ಮ್ಯಾಟಿನದೇ ನಾಯ್ಸ್. ಇನ್ನು ನಮ್ಮ ಮುಂಬೈ ಫ್ಲ್ಯಾಟುಗಳಲ್ಲಿ ಫ್ಯಾನು, ಲೋಕಲ್ ಟ್ರೈನ್ ಸದ್ದಿನ ನಡುವೆ ಒತ್ತಿದ ಮಾಸ್ಟರೇ ಚೆನ್ನಾಗಿ ಕೇಳಿಸುತ್ತೆ, ಆದ್ದರಿಂದ ಮುಚ್ಚಿದ ಹೆಡ್‌ಫೋನಿನಲ್ಲಿ ಕೇಳಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಕೇಬಲ್ ತರೋಕೆ ಓಡೋದು ಆಮೇಲೆ.